ಬಜೆಟ್ ಮತ್ತು ಇಂಧನ, ವಿಶೇಷ: ಪರಮಾನ್ನ

ಫೆಬ್ರವರಿ ಒಂದರಂದು ನನ್ನ ಹೊಟ್ಟೆ ಸರಿಯಿರುವುದಿಲ್ಲ. ಮುಂಬಯಿ ಬದಿಯ ಮಹಾಪೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಕಂಪನಿಯ ಪರ್ಚೇಸ್ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೂತವನಿಗೆ ಕೇಂದ್ರ ಬಜೆಟ್ಟಿನ ಭಾಷಣವೆಂದರೆ ಮಗಳ ಹತ್ತನೇ ಕ್ಲಾಸಿನ ರಿಸಲ್ಟು ಇದ್ದ ಹಾಗೆ. ಕ್ಯಾಂಟೀನಿನ ಟಿವಿಯ ಮುಂದೆ ಉಳಿದವರೆಲ್ಲ ಆದಾಯ ತೆರಿಗೆಗೆ ಕಾಯುತ್ತಾರೆ. ನಾನು ತಾಮ್ರಕ್ಕೆ ಕಾಯುತ್ತೇನೆ. ತಾಮ್ರದ ಸುಂಕ ಏರಿದರೆ ಏನು ಗತಿ ಎಂದು ಒಂದು ಗಂಟೆ ಹೆದರುತ್ತೇನೆ. ಇಳಿದರೆ, ಮೊನ್ನೆ ತಾನೆ ಹಳೆಯ ದರಕ್ಕೆ ಆರ್ಡರ್ ಹಾಕಿಬಿಟ್ಟೆನಲ್ಲ ಎಂದು ಎರಡು ಗಂಟೆ. ತಾಮ್ರದ ಸುದ್ದಿಯೇ ಬಾರದಿದ್ದರೆ, ಬಂದದ್ದು ನನ್ನ ಕಿವಿಗೆ ಬೀಳದೆ ಹೋಯಿತೇ ಎಂದು ವಾರವಿಡೀ.

ಇಂಥವನನ್ನು ವೇದಿಕೆ ಹತ್ತಿಸಬಾರದು. ಹತ್ತಿಸಿದರು.

ಹತ್ತಿಸಿದ್ದು ನಮ್ಮ ಡೊಂಬಿವ್ಲಿಯ ಮಾಷ್ಟ್ರು. ಇಲ್ಲಿ ಒಂದು ಕಾಲದಲ್ಲಿ ಇದ್ದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಿದ್ದರು. ಶಾಲೆ ಮುಚ್ಚಿತು, ಮಾಷ್ಟ್ರು ನಿವೃತ್ತರಾದರು, ಗಣಿತ ಮಾತ್ರ ನಿಲ್ಲಲಿಲ್ಲ. ಬಜೆಟ್ ಆದ ಮರು ಭಾನುವಾರ, ಇಲ್ಲಿನ ಕನ್ನಡ ಸಂಘದ ಸಭಾಂಗಣದಲ್ಲಿ, ಇಡೀ ಬಜೆಟ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದನ್ನು ಅವರು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. "ಈ ಊರಲ್ಲಿ ಕನ್ನಡ ಅಂದ್ರೆ ಭಜನೆ, ಯಕ್ಷಗಾನ, ಊಟ, ಇಷ್ಟೇ ಆಗ್ಬಾರ್ದು. ಲೆಕ್ಕವೂ ಕನ್ನಡದಲ್ಲಿ ಆಗ್ಬೇಕು" ಎಂಬುದು ಅವರ ಮಾತು. ವಿತ್ತೀಯ ಕೊರತೆಯನ್ನು ಅವರು ಸೋರುವ ಕೊಡಪಾನದ ಲೆಕ್ಕದ ಹಾಗೆ ಬೋರ್ಡಿನ ಮೇಲೆ ಬರೆದು ತೋರಿಸುವಾಗ ನನಗೇ ಅರ್ಥವಾಗುತ್ತಿತ್ತು ಎಂದರೆ ನೋಡಿ.

ಅರ್ಥ ಮಾಡಿಕೊಳ್ಳಲು ಜನರೇ ಇರಲಿಲ್ಲ, ಅಷ್ಟೆ. ಹಿಂದಿನ ವರ್ಷ ಹನ್ನೊಂದು ಮಂದಿ ಬಂದಿದ್ದರು. ಅದರಲ್ಲಿ ಇಬ್ಬರು, ಮುಗಿದ ಕೂಡಲೇ ಕುರ್ಚಿ ಮಡಚುವುದಕ್ಕೆಂದು ಕಾಯುತ್ತಿದ್ದವರು.

ಈ ನಡುವೆ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಸಿಗ್ನಲ್ ಕಂಬದಷ್ಟು ನೇರ. ಕಮಿಟಿಯಲ್ಲಿದ್ದ ನನ್ನನ್ನು ಕರೆದು ಹೇಳಿದರು:

"ನೋಡ್ರೀ, ಮಾಷ್ಟ್ರ ಮ್ಯಾಲೆ ನನಗ ಭಾಳ ಗೌರವ ಅದ. ಆದ್ರ ಖಾಲಿ ಕುರ್ಚಿಗೆ ಫ್ಯಾನ್ ಹಾಕೂದು ಯಾತಕ್ಕ? ಭಾನುವಾರ ಮುಂಜಾನೆ ಹಾಲ್ ಕೊಡ್ರೀ ಅಂತ ಝುಂಬಾ ಕುಣಿತದ ಕ್ಲಾಸಿನವ್ರು ಬೆನ್ನು ಹತ್ಯಾರ. ಈ ಸಲ ಮೂವತ್ತು ಮಂದಿ ಕೂತು ಕೇಳ್ಲಿ, ಮಾಷ್ಟ್ರ ಕಾರ್ಯಕ್ರಮ ಕಾಯಂ. ಇಪ್ಪತ್ತೊಂಬತ್ತಾತೋ, ಝುಂಬಾ."

"ಮೂವತ್ತರಲ್ಲಿ ನಾನು..."

"ಭಾಷಣ ಮಾಡಾವ್ರು, ಕಮಿಟಿಯವ್ರು, ಕುರ್ಚಿ ಹಾಕಾವ್ರು, ಯಾರೂ ಲೆಕ್ಕಕ್ಕ ಬರಂಗಿಲ್ಲ."

ಮಾಷ್ಟ್ರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಅವರು ಏನೂ ಹೇಳುವ ಹಾಗಿರಲಿಲ್ಲ. ಗಂಟಲಿಗೆ ಒಂದು ಸಣ್ಣ ಆಪರೇಷನ್ ಆಗಿ, ಪಿಸುಗುಟ್ಟುವುದಕ್ಕಿಂತ ಹೆಚ್ಚು ಮಾತಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬಜೆಟ್ಟಿನ ಸಂಜೆ ನಾನು ಅವರ ಮನೆಗೆ ಹೋದಾಗ ಅವರು ಒಂದು ಚೀಟಿ ನನ್ನ ಮುಂದೆ ತಳ್ಳಿದರು. "ಈ ಸಲ ನೀನು. ವಿಷಯ: ಇಂಧನ. ನಿನ್ನದೇ ಕಸುಬು."

ನನ್ನ ಕಸುಬು ತಾಮ್ರದ ತಂತಿಯನ್ನು ನಾಲ್ಕು ಪೈಸೆ ಕಡಿಮೆಗೆ ಕೇಳುವುದು ಎಂದೆ. ಅವರು ಚೀಟಿಯ ಮೇಲೆ ಇನ್ನೊಂದು ಸಾಲು ಬರೆದರು. "ಹೆದರುವವನು ಪೂರ್ವತಯಾರಿ ಮಾಡುತ್ತಾನೆ." ಹಳೆಯ ಮಾಷ್ಟ್ರುಗಳಿಗೆ ಮನುಷ್ಯನ ದೌರ್ಬಲ್ಯವನ್ನೇ ಅಂಕಕ್ಕೆ ತಿರುಗಿಸುವ ಕಲೆ ಗೊತ್ತಿರುತ್ತದೆ.

ಪೂರ್ವತಯಾರಿ ಮಾಡಿದೆ. ಹನ್ನೊಂದು ಪುಟ. ಆ ಬಜೆಟ್ಟಿನಲ್ಲಿ ಇಂಧನದ ಬಗ್ಗೆ ಹೇಳುವಂಥದ್ದು ಬೇಕಾದಷ್ಟಿತ್ತು: ಸಣ್ಣ ಸಣ್ಣ ಪರಮಾಣು ವಿದ್ಯುತ್ ಸ್ಥಾವರಗಳಿಗೆ ಹಣ ಇಟ್ಟಿದ್ದರು, ಬ್ಯಾಟರಿಗೆ ಬೇಕಾಗುವ ಖನಿಜಗಳ ಸುಂಕ ತೆಗೆದಿದ್ದರು, ಮನೆಯ ಮಾಡಿನ ಮೇಲೆ ಸೋಲಾರ್ ಹಾಕುವವರಿಗೆ ನೆರವು ಮುಂದುವರಿಸಿದ್ದರು. ಅದರಲ್ಲಿ ಪರಮಾಣುವಿನದ್ದೇ ಹೊಸ ಸಂಗತಿ. ಅದನ್ನೇ ವಿಶೇಷ ಆಕರ್ಷಣೆ ಮಾಡಬೇಕೆಂದುಕೊಂಡೆ.

ಬುಧವಾರ ಬೆಳಗ್ಗೆ ಕಂಪನಿ ಬಸ್ಸು ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಎಂದಿನಂತೆ ನಿಂತಿತ್ತು. ಕನ್ನಡ ಟೈಪು ಮಾಡಲು ನನಗೆ ಮಳೆಗಾಲ ಕಳೆಯುವಷ್ಟು ಹೊತ್ತು ಬೇಕು. ಹಾಗಾಗಿ ಫೋನಿಗೆ ಬಾಯಲ್ಲೇ ಹೇಳಿದೆ, ಕೇಳಿಸಿದ್ದನ್ನು ಬರೆದುಕೊಳ್ಳುವುದು ಅದರ ಕೆಲಸ. ಪಕ್ಕದಲ್ಲಿ ಒಂದು ಕಂಟೇನರ್ ಲಾರಿ ಹಾರ್ನ್ ಬಾರಿಸುತ್ತಿತ್ತು, ಹಿಂದಿನ ಸೀಟಿನವನು ಮರಾಠಿಯಲ್ಲಿ ಹೆಂಡತಿಗೆ ಸಮಜಾಯಿಷಿ ಕೊಡುತ್ತಿದ್ದ. ನಾನು ಸಭ್ಯ ದನಿಯಲ್ಲಿ ಹೇಳಿದ್ದು: "ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಂಘದ ಸಭಾಂಗಣದಲ್ಲಿ ಕೇಂದ್ರ ಬಜೆಟ್ ಮತ್ತು ಇಂಧನ. ವಿಶೇಷ: ಪರಮಾಣು. ಎಲ್ಲರೂ ಬನ್ನಿ." ಓದದೆ ಸಂಘದ ಗ್ರೂಪಿಗೆ ಕಳಿಸಿದೆ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ನಾನು, ಅದೊಂದು ಸಲ ಜಗ್ಗಿ ನೋಡಲಿಲ್ಲ.

ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. "ಖಂಡಿತ ಬರ್ತೇವೆ." "ಮನೆಮಂದಿ ಎಲ್ಲ ಬರ್ಬಹುದಾ?" "ಸಂಘಕ್ಕೆ ಒಳ್ಳೆ ಬುದ್ಧಿ ಬಂತು." ನನಗೆ ಕಣ್ಣು ಮಂಜಾಯಿತು. ಇಷ್ಟು ವರ್ಷ ಮಾಷ್ಟ್ರು ಕೊರತೆ, ಕೊರತೆ ಎನ್ನುತ್ತ ಜನರನ್ನು ಓಡಿಸಿದರು. ವಿಜ್ಞಾನಕ್ಕೆ ಇಷ್ಟು ಹಸಿವಿದೆಯೆಂದು ಯಾರಿಗೂ ತಿಳಿದಿರಲಿಲ್ಲ ಎಂದುಕೊಂಡೆ.

ಮಧ್ಯಾಹ್ನ ಮಹಿಳಾ ವಿಭಾಗದ ಹಿರಿಯ ಅಕ್ಕ ಒಬ್ಬರು ಫೋನ್ ಮಾಡಿದರು. ಉಡುಪಿಯವರು, ಈಗ ಠಾಣೆ ಪಟ್ಟಣದಲ್ಲಿ ಮನೆ.

"ಅಲ್ಲ ಮಾರಾಯ್ರೇ, ಭಾನುವಾರದ್ದು ಎಷ್ಟು ಜನಕ್ಕೆ ಆಗ್ತದೆ?"

"ಒಂದು ಸಣ್ಣದು ಇದ್ರೂ ಸಾಕು ಅಕ್ಕ, ಇಡೀ ಡೊಂಬಿವ್ಲಿಗೆ ಆಗ್ತದೆ."

"ದೇವ್ರೇ! ಅಷ್ಟು ದೊಡ್ಡ ಪಾತ್ರೆ ಎಲ್ಲಿ ಇಡ್ತೀರಿ?"

"ಪಾತ್ರೆಯೇ ಮುಖ್ಯ ಅಕ್ಕ. ದಪ್ಪ ಉಕ್ಕಿನದ್ದು. ಮತ್ತೆ ಸಮುದ್ರವೋ ನದಿಯೋ ಹತ್ತಿರ ಇರ್ಬೇಕು, ತಣಿಸ್ಲಿಕ್ಕೆ ನೀರು ಬೇಕಲ್ಲ."

"ನೀರು ಹಾಕೂದಾ?" ಅಕ್ಕನ ದನಿ ಗಟ್ಟಿಯಾಯಿತು. "ಹಾಲು ಹಾಕೂದಿಲ್ವಾ?"

"ಹಾಲು ಎಂತಕ್ಕೆ?"

"ನಿಮ್ಮ ಊರಲ್ಲಿ ಪರಮಾನ್ನಕ್ಕೆ ನದಿ ನೀರು ಹಾಕ್ತಾರಾ?"

ಫೋನ್ ಇಟ್ಟು ಗ್ರೂಪು ತೆರೆದೆ. "ವಿಶೇಷ: ಪರಮಾನ್ನ. ಎಲ್ಲರೂ ಬನ್ನಿ." ಅಳಿಸೋಣವೆಂದರೆ ಆ ಹೊತ್ತಿಗೆ ಅದು ಕಲ್ಯಾಣದ ಸಂಘಕ್ಕೆ, ನವಿಮುಂಬಯಿಯ ಸಂಘಕ್ಕೆ, ಎರಡು ಭಜನಾ ಮಂಡಳಿಗೆ, ಒಂದು ಯಕ್ಷಗಾನದ ಗ್ರೂಪಿಗೆ ಹೋಗಿ, ಅಲ್ಲಿಂದ ಕೆಳಗೆ ಒಂದು ಬಾಳೆಲೆಯ ಚಿತ್ರ ಸೇರಿಸಿಕೊಂಡು ನನ್ನ ಹತ್ತಿರವೇ ವಾಪಸು ಬಂದಿತ್ತು.

ಮನೆಯಲ್ಲಿ ಹೆಂಡತಿ ಸೋಫಾದ ಮೇಲೆ ಉರುಳಿ ಉರುಳಿ ನಕ್ಕಳು. "ಹೋಯ್, ನಿಮ್ಗೆ ತಲೆ ಸಮ ಉಂಟಾ? ದಿನಕ್ಕೆ ನಲವತ್ತು ವಿಷಯಕ್ಕೆ ಹೆದ್ರುತ್ತೀರಿ. ಇದೊಂದಕ್ಕೆ ಹೆದ್ರಿದ್ರೆ ಸಾಕಿತ್ತು!"

"ತಪ್ಪಾಯ್ತು ಅಂತ ಹಾಕಿಬಿಡ್ತೇನೆ."

"ಹಾಕಿ. ಮೂವತ್ತು ಹೋಗಿ ಮೂರು ಜನ ಬರ್ತಾರೆ. ಒಂದು ನಾನು."

ಅದು ಮಾಷ್ಟ್ರಿಗೆ ಸಂಬಂಧಿಸಿದ್ದು, ಅವರೇ ತೀರ್ಮಾನಿಸಲಿ ಎಂದು ಫೋನ್ ಹಿಡಿದುಕೊಂಡು ಓಡಿದೆ. ಅವರು ಕನ್ನಡಕ ಏರಿಸಿ ಓದಿದರು. ಹೆಗಲು ಅಲುಗಾಡತೊಡಗಿತು. ಏನೋ ಆಯಿತೆಂದು ನಾನು ನೀರು ತರಲು ಹೊರಟರೆ, ಅವರು ನಗುತ್ತಿದ್ದರು, ಸದ್ದೇ ಇಲ್ಲದೆ, ಕಣ್ಣಲ್ಲಿ ನೀರು ಬರುವ ಹಾಗೆ. ಆಮೇಲೆ ಚೀಟಿ ತೆಗೆದು ಬರೆದರು:

"ತಿದ್ದಬೇಡ. ಬೇಯಿಸು."

ಬೇಯಿಸಬೇಕಾದರೆ ಭಾವನೇ ಆಗಬೇಕು. ನನ್ನ ಹೆಂಡತಿಯ ಅಣ್ಣ, ಕಲ್ಯಾಣದಲ್ಲಿ ಸ್ಟೇಷನ್ನಿಗೆ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುವವನು; ನಾವಿಬ್ಬರೂ ಪರಸ್ಪರ ಭಾವ ಎಂದೇ ಕರೆಯುವುದು. ಗಲ್ಲಾದ ಹಿಂದೆ ಕೂತು ಪೂರ್ತಿ ಕತೆ ಕೇಳಿಸಿಕೊಂಡ.

"ಭಾವಾ, ಅಂದ್ರೆ ನೀನು ಬಾಂಬಿಗೆ ಬೆಲ್ಲ ಹಾಕಿದ್ದಿ."

"ಬಾಂಬಲ್ಲ, ವಿದ್ಯುತ್ತು."

"ಎಂಥದೋ ಒಂದು. ನೂರು ಜನಕ್ಕೆ ಮಾಡ್ತೇನೆ. ಮಾಷ್ಟ್ರು ನನಗೆ ಭಾಗಾಕಾರ ಕಲಿಸಿದವ್ರು, ಅದಕ್ಕೆ. ಆದ್ರೆ ಒಂದು ಕಂಡೀಷನ್. ನಾನು ಒಂದು ಪ್ರಶ್ನೆ ಕೇಳ್ತೇನೆ, ನೀನು ಸಮ ಉತ್ತರ ಕೊಡ್ಬೇಕು. ಭಾಷಣದ ಉತ್ತರ ಅಲ್ಲ."

ಆ ಮೂರು ದಿನ ನಾನು ಏನೇನಕ್ಕೆ ಹೆದರಿದೆ ಎಂದು ಬರೆದರೆ ಅದೇ ಹನ್ನೊಂದು ಪುಟವಾದೀತು. ಲಿಫ್ಟಿನಲ್ಲಿ ಪಾತ್ರೆ ಹಿಡಿಸದಿದ್ದರೆ? ಹಿಡಿಸಿ ಲಿಫ್ಟು ನಡುವೆ ನಿಂತರೆ? ಸಕ್ಕರೆ ಕಾಯಿಲೆಯವರು ತಿಂದರೆ? ತಿನ್ನಲಾಗದೆ ಮುನಿಸಿಕೊಂಡರೆ? ಎಲ್ಲಕ್ಕಿಂತ ಮುಖ್ಯ, ಪರಮಾನ್ನ ಮೊದಲೋ ಭಾಷಣ ಮೊದಲೋ? ಮೊದಲು ಬಡಿಸಿದರೆ ಎದ್ದು ಹೋಗುತ್ತಾರೆ. ಕೊನೆಗೆ ಬಡಿಸುವುದೆಂದು ನಾನೂ ಭಾವನೂ ಗುಟ್ಟಾಗಿ ನಿಶ್ಚಯಿಸಿದೆವು.

ಭಾನುವಾರ ಹತ್ತೂವರೆಗೇ ಸಭಾಂಗಣ ತುಂಬಿತು. ನಾನು ಅಷ್ಟು ಕನ್ನಡದವರನ್ನು ಒಟ್ಟಿಗೆ ಕಂಡದ್ದು ಊರಿಗೆ ಹೋಗುವ ರೈಲಿನಲ್ಲಿ ಮಾತ್ರ. ಪನವೇಲಿನಿಂದ ಒಂದು ಕುಟುಂಬ ಸ್ಟೀಲಿನ ಕ್ಯಾರಿಯರ್ ಸಮೇತ ಬಂದಿತ್ತು. ತುರ್ಭೆಯಿಂದ ಬಂದ ಹಿರಿಯರೊಬ್ಬರು ಪಂಚೆ ಉಟ್ಟಿದ್ದರು. ಲಿಫ್ಟಿನ ಬಾಗಿಲು ತೆರೆದು ಭಾವ ಮತ್ತು ಪಾತ್ರೆ ಕಂಡದ್ದೇ ತಡ, ಯಾವ ಮಂತ್ರಿಗೂ ಸಿಗದಂಥ ಚಪ್ಪಾಳೆ ಬಿತ್ತು. ಏಲಕ್ಕಿಯ ಪರಿಮಳಕ್ಕೆ ಅಧ್ಯಕ್ಷರ ಸಿಗ್ನಲ್ ಕೂಡ ಅರ್ಧ ಬಾಗಿತು.

ಮುಂದಿನ ಸಾಲಿನಲ್ಲಿ ಕೂತ ಮಾಷ್ಟ್ರು ನನ್ನನ್ನು ಕೈಸನ್ನೆಯಿಂದ ಕರೆದರು. ಕಿವಿ ಹತ್ತಿರ ತಂದೆ.

"ಮೊದಲು ಬಡಿಸು" ಎಂದು ಪಿಸುಗುಟ್ಟಿದರು.

"ಮಾಷ್ಟ್ರೇ, ಹೋಗಿಬಿಡ್ತಾರೆ!"

"ಹೋಗುವವರು ಹೋಗ್ಲಿ. ಪಾಯಸಕ್ಕೆ ಕಟ್ಟಿಹಾಕಿದವರನ್ನು ಎಣಿಸಿ ನಾನು ಪಾಸಾಗುವುದಿಲ್ಲ. ಕಾಪಿ ಹೊಡೆದ ಹಾಗೆ."

ಬಡಿಸಿದೆವು. ಹೆಂಡತಿ ಸೌಟು ಹಿಡಿದಳು, ನಾನು ಕಾಗದದ ಬಟ್ಟಲು ಹಂಚಿದೆ. ಹದಿನೈದು ನಿಮಿಷ ಸಭಾಂಗಣದಲ್ಲಿ ಕೇಳಿಸಿದ್ದು ಚಮಚೆಗಳ ಸದ್ದು ಮತ್ತು "ಇನ್ನೊಂದು ಸ್ವಲ್ಪ" ಮಾತ್ರ. ಆಮೇಲೆ ನಾನು ಹೆದರಿದ್ದೇ ಆಯಿತು. "ಇವತ್ತು ಲೈನ್ ರಿಪೇರಿಯ ಮೆಗಾಬ್ಲಾಕ್ ಅಲ್ವಾ, ಟ್ರೇನ್ ಸಿಗುದಿಲ್ಲ." "ಮಗಳ ಕ್ಲಾಸುಂಟು." "ಭಾಷಣ ಚೆನ್ನಾಗಿತ್ತು" ಎಂದು ಒಬ್ಬರು, ನಾನು ಇನ್ನೂ ಬಾಯಿ ತೆರೆಯುವ ಮುಂಚೆಯೇ, ನನ್ನ ಕೈ ಕುಲುಕಿ ಹೋದರು. ಪನವೇಲಿನ ಕ್ಯಾರಿಯರ್ ತುಂಬಿಕೊಂಡು ಹೋಯಿತು. ಅಧ್ಯಕ್ಷರು ಬಾಗಿಲ ಬಳಿ ನೋಟ್‌ಬುಕ್ ಹಿಡಿದು ನಿಂತಿದ್ದರು, ಹೋಗುವವರನ್ನು ನೋಡುತ್ತ.

ನಾನು ಮೈಕಿನ ಮುಂದೆ ನಿಂತೆ. ಹನ್ನೊಂದು ಪುಟಗಳ ಮೊದಲ ಪುಟಕ್ಕೆ ಪರಮಾನ್ನ ಅಂಟಿ ಎರಡನೆಯದರ ಜೊತೆ ಒಂದಾಗಿತ್ತು. ಬಿಡಿಸಲು ಹೋದೆ, ಹರಿಯಿತು.

"ಪರಮಾಣು ಎಂದರೆ..." ಎಂದೆ. ಮುಂದಿನ ಸಾಲು ಹರಿದ ಕಾಗದದಲ್ಲಿತ್ತು. ಮಾಷ್ಟ್ರ ಕಡೆ ನೋಡಿದೆ. ಅವರು ಸಹಾಯಕ್ಕೆ ಬರುವುದು ಬಿಟ್ಟು, ಬಟ್ಟಲಿನ ತಳದ ಗೋಡಂಬಿ ಹುಡುಕುತ್ತಿದ್ದರು.

ಆಗ ಭಾವ, ಸೌಟು ಕೈಯಲ್ಲಿರುವಂತೆಯೇ, ಹಿಂದಿನಿಂದ ಕೂಗಿದ. "ಭಾವಾ, ಅದೆಲ್ಲ ಬಿಡು. ನನ್ನ ಪ್ರಶ್ನೆ! ಈ ಬಜೆಟ್ಟಲ್ಲಿ ದೋಸೆ ಕಾವಲಿಗೆ ಎಂಥ ಉಂಟು?"

ನಗು ಎದ್ದಿತು. ಅವನು ನಗಲಿಲ್ಲ. "ನಗುವುದಲ್ಲ. ನಾನು ಗ್ಯಾಸಲ್ಲಿ ದೋಸೆ ಹೊಯ್ತೇನೆ. ಕರೆಂಟಿನ ಕಾವಲಿ ಹಾಕಿ ಅಂತ ಮಾರುವವ್ರು ದಿನಾ ಬರ್ತಾರೆ. ನಿನ್ನ ಸಣ್ಣ ಅಣು ಕರೆಂಟು ಬಂದ್ರೆ ಹಾಕ್ಬಹುದಾ? ಈಗ ಹಾಕೂದಾ, ಕಾಯೂದಾ?"

ಸಮ ಉತ್ತರ ಕೊಡಬೇಕೆಂದು ಕಂಡೀಷನ್ ಇತ್ತು. ಪುಟಗಳಲ್ಲಿ ಅದಿರಲಿಲ್ಲ. "ಅದನ್ನು ನಂಬಿ ಕಾಯ್ಬೇಡ" ಎಂದೆ. "ಬಜೆಟ್ಟಲ್ಲಿ ಹಣ ಇಟ್ರೆ ನಾಳೆ ಕರೆಂಟು ಬರೂದಿಲ್ಲ. ನಕ್ಷೆ ಆಗ್ಬೇಕು, ಪರೀಕ್ಷೆ ಆಗ್ಬೇಕು, ಕಟ್ಬೇಕು. ಇದು ನೀನು ಇವತ್ತು ಹೊಯ್ಯುವ ದೋಸೆ ಅಲ್ಲ ಭಾವ. ನಿನ್ನ ಮೊಮ್ಮಗ ನೆನೆಹಾಕುವ ಅಕ್ಕಿ."

ಬಾಗಿಲವರೆಗೆ ಹೋಗಿದ್ದ ಇಬ್ಬರು ಹೋಟೆಲಿನವರು ತಿರುಗಿ ಬಂದು ಕೂತರು.

"ಹಾಗಾದ್ರೆ ಈಗಿನ ಜನಕ್ಕೆ ಎಂಥ?" ಎಂದು ಒಬ್ಬರು. ಮಾಡಿನ ಸೋಲಾರ್ ಎಂದೆ. ಹೇಳಬಾರದಿತ್ತು. ಠಾಣೆಯ ಅಕ್ಕ ಎದ್ದೇಬಿಟ್ಟರು.

"ಅದೊಂದು ಸುದ್ದಿ ಎತ್ಬೇಡಿ! ನಮ್ಮ ಬಿಲ್ಡಿಂಗ್ ಸೊಸೈಟಿಯವ್ರು ಟೆರೇಸ್ ಪೂರ್ತಿ ಆ ಫಲಕ ಹಾಕ್ತೇವೆ ಹೇಳಿ ಕೂತಿದ್ದಾರೆ. ಏಪ್ರಿಲಲ್ಲಿ ನಾವು ಹಪ್ಪಳ ಎಲ್ಲಿ ಒಣಗಿಸೂದು? ಸೂರ್ಯ ಅವರ ಅಪ್ಪನ ಮನೆಯವನಾ?"

"ಅಕ್ಕ, ಫಲಕದ ಅಡಿಯಲ್ಲಿ ನೆರಳು..."

"ನೆರಳಲ್ಲಿ ಹಪ್ಪಳ ಒಣಗ್ತದಾ? ನೀವು ಪರಮಾನ್ನಕ್ಕೆ ನೀರು ಹಾಕುವವ್ರು, ನಿಮ್ಮತ್ರ ಕೇಳಿದ್ದು ನನ್ನದೇ ತಪ್ಪು!"

ಸಭಾಂಗಣ ಎರಡು ಪಕ್ಷವಾಯಿತು. ಲಿಫ್ಟಿನ ಕರೆಂಟು ಬಿಲ್ಲು ಇಳಿಯುತ್ತದೆ ಎಂಬವರು ಒಂದು ಕಡೆ, ಸಂಡಿಗೆಯವರು ಇನ್ನೊಂದು ಕಡೆ. ಟೆರೇಸಿನ ಬಿಸಿಲನ್ನು ಸರಿಯಾಗಿ ಪಾಲು ಮಾಡಬಹುದು, ದಕ್ಷಿಣದ ಭಾಗ ಫಲಕಕ್ಕೆ, ನೀರಿನ ಟ್ಯಾಂಕಿನ ಹತ್ತಿರದ್ದು ಹಪ್ಪಳಕ್ಕೆ ಎಂದು ತುರ್ಭೆಯ ಪಂಚೆಯವರು ಸಲಹೆ ಕೊಟ್ಟರೆ, ಟ್ಯಾಂಕಿನ ಹತ್ತಿರ ಪಾರಿವಾಳದ ಕಾಟ ಎಂದು ಮೂರು ಮಂದಿ ಒಟ್ಟಿಗೆ ಮೇಲೆದ್ದರು. ಬ್ಯಾಟರಿಯ ಖನಿಜದ ಸುಂಕ ಯಾಕೆ ತೆಗೆದರು ಎಂದು ಯಾರೋ ಕೇಳಿದರು. ಹಗಲಿನ ಬಿಸಿಲನ್ನು ಉಪ್ಪಿನಕಾಯಿ ಹಾಕಿಟ್ಟ ಹಾಗೆ ಸಂಜೆಗೆ ಕಟ್ಟಿಡಬೇಕಾದರೆ ಬ್ಯಾಟರಿ ಬೇಕು, ಅದು ಅಗ್ಗವಾಗಲಿ ಅಂತ ಎಂದೆ. ನನ್ನ ಬಾಯಿಂದ ಬಂದದ್ದು ನಾನೇ ಕೇಳಿ ಬೆರಗಾದೆ. ಒಂದು ಕಡೆ ತುಳು, ಒಂದು ಕಡೆ ಧಾರವಾಡದ ಕನ್ನಡ, ನಡುವೆ ಮರಾಠಿಯ ಬೈಗುಳ. ದೇಶದ ಇಂಧನ ನೀತಿಗೆ ಇಷ್ಟು ಪ್ರೀತಿಯ ಜಗಳ ಎಲ್ಲಿಯೂ ಆಗಿರಲಾರದು. ಗಂಟೆ ಒಂದಾಗಿತ್ತು. ನನ್ನ ಹೊಟ್ಟೆ ನೋಯುತ್ತಿರಲಿಲ್ಲ. ಅದು ಗಮನಕ್ಕೆ ಬಂದು ಒಂದು ಕ್ಷಣ ಹೆದರಿದೆ.

ಅಧ್ಯಕ್ಷರು ಮುಂದೆ ಬಂದು ಮೇಜು ಬಡಿದರು. "ಶಾಂತ ಆಗ್ರೀ! ಎಣಿಸೂದದ."

ಸದ್ದು ನಿಂತಿತು. ಎಲ್ಲರಿಗೂ ವಿಷಯ ತಿಳಿದಿತ್ತು. "ಯಾರ್ಯಾರು ಕೂತು ಕೇಳಿದ್ರಿ, ಕೈ ಎತ್ರೀ. ಒಬ್ಬರು ಒಂದ ಕೈ."

ಚಮಚೆ ಹಿಡಿದ ಕೈ, ಬಟ್ಟಲು ಹಿಡಿದ ಕೈ, ಬೆರಳಿಗೆ ಬೆಲ್ಲ ಅಂಟಿದ ಕೈ ಎಲ್ಲ ಎದ್ದವು. ಅಧ್ಯಕ್ಷರು ಪೆನ್ನು ಆಡಿಸುತ್ತ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಇಪ್ಪತ್ತೊಂಬತ್ತು."

"ನನ್ನ ಹೆಂಡತಿ ಇದ್ದಾಳೆ!" ಎಂದೆ.

"ಬಡಿಸಾವ್ರು ಲೆಕ್ಕಕ್ಕಿಲ್ಲ."

"ನಾನು?" ಎಂದ ಭಾವ.

"ನೀವು ಅಡಿಗಿಯವ್ರು. ನನ್ನ ಕೈಯಾಗ ಇದ್ರ ಎರಡು ಸಲ ಬರಕೊಳ್ತಿದ್ದೆ, ಅಷ್ಟು ಛಲೋ ಆಗಿತ್ತು. ಆದ್ರ ಮಾತು ಅಂದ್ರ ಮಾತು." ಅವರ ಮುಖ ನೋಡಿದರೆ, ಆ ಮಾತನ್ನು ಆಡಿದವರು ಬೇರೆ ಯಾರೋ ಆಗಿರಬಾರದಿತ್ತೇ ಎಂಬಂತಿತ್ತು.

ಆಗ ಮುಂದಿನ ಸಾಲಿನಲ್ಲಿ ಇನ್ನೊಂದು ಕೈ ನಿಧಾನಕ್ಕೆ ಮೇಲೇರಿತು. ಮಾಷ್ಟ್ರದ್ದು.

"ಮಾಷ್ಟ್ರ, ನೀವು ಭಾಷಣದವ್ರು. ನಿಮ್ಮನ್ನ ಹ್ಯಾಂಗ ಎಣಿಸ್ಲಿ?"

ಮಾಷ್ಟ್ರು ಕೈ ಇಳಿಸಲಿಲ್ಲ. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. ನಾನು ಮೈಕಿಗೆ ವಾಪಸು ಬಂದು, ಅವರು ಹೇಳಿದ್ದನ್ನೇ ಹೇಳಿದೆ:

"ಮಾಷ್ಟ್ರು ಹೇಳ್ತಾರೆ, ಇಪ್ಪತ್ತೆರಡು ವರ್ಷ ತಾನು ಭಾಷಣದವನೇ ಹೌದಂತೆ. ಈ ಸಲ ಬಾಯಿಯೇ ಬಿಡಲಿಲ್ಲವಂತೆ. ಕೂತು ಕೇಳಿದ್ದಂತೆ. ಲೆಕ್ಕ ಸರಿಯಾಗಿ ಮಾಡು ಅಂತಾರೆ."

ಅಧ್ಯಕ್ಷರು ಮತ್ತೆ ಪೆನ್ನು ತೆಗೆದರು. ನೋಟ್‌ಬುಕ್ಕಿನಲ್ಲಿ ಇಪ್ಪತ್ತೊಂಬತ್ತನ್ನು ಹೊಡೆದುಹಾಕಿ, ದೊಡ್ಡದಾಗಿ ಮೂವತ್ತು ಎಂದು ಬರೆದು, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದರು. ಠಾಣೆಯ ಅಕ್ಕ ನನ್ನ ಬೆನ್ನಿಗೆ ಬಾರಿಸಿದರು, ಭಾವ ಪಾತ್ರೆಗೆ ಸೌಟು ಬಡಿದ, ಆ ಗದ್ದಲದಲ್ಲಿ ಎಲ್ಲರ ಕೈಗಳೂ ಇಳಿದವು.

ಮಾಷ್ಟ್ರ ಕೈ ಮಾತ್ರ ಮೇಲೆಯೇ ಇತ್ತು. ಅಧ್ಯಕ್ಷರು, "ಆತಲ್ಲ ಮಾಷ್ಟ್ರ, ಬರಕೊಂಡೆ, ಇಳಸ್ರೀ" ಎಂದರು.

ಅವರು ಅಲ್ಲವೆಂದು ತಲೆಯಾಡಿಸಿ ನನ್ನ ಕಡೆಗೆ ಬೆರಳು ತೋರಿಸಿದರು. ಅವರಿಗೊಂದು ಪ್ರಶ್ನೆ ಕೇಳುವುದಿತ್ತು.